‘ಸಿಪಿಯು ಹೋಯ್ತು’ ಅಂದರೆ ಎಂತದು ಹೋದದ್ದು?

ನಮ್ಮ ಕಡೆ ಕಂಪ್ಯೂಟರಿಗೆ ಎರಡೇ ಭಾಗ. ಟಿವಿ ಹಾಗೆ ಕಾಣುವುದು ಮಾನಿಟರ್, ಮೇಜಿನ ಕೆಳಗಿನ ಪೆಟ್ಟಿಗೆ ಸಿಪಿಯು. ಆ ಪೆಟ್ಟಿಗೆಯೊಳಗೆ ಏನು ಕೆಟ್ಟರೂ ‘ಸಿಪಿಯು ಹೋಯ್ತು’ ಅಂತಲೇ ಮಾತು. ನಿಜವಾದ ಸಿಪಿಯು ಅಂದರೆ ಪ್ರೊಸೆಸರ್. ಅದು ಮಾರಿ ಬಿಸ್ಕೆಟಿಗಿಂತ ಚಿಕ್ಕ ಒಂದು ಚಿಪ್ಪು, ಪೆಟ್ಟಿಗೆಯೊಳಗೆ ಫ್ಯಾನಿನ ಅಡಿಯಲ್ಲಿ ಅಡಗಿ ಕೂತಿರುತ್ತದೆ. ಹೆಸರಿನ ಗೊಂದಲ ಅಷ್ಟಕ್ಕೇ ಮುಗಿಯುವುದಾದರೆ ಇದನ್ನು ಬರೆಯುತ್ತಿರಲಿಲ್ಲ. ಈ ಒಂದು ಮಾತು ನಂಬಿ ಎಷ್ಟೋ ಮನೆಯವರು ಮದುವೆ ಫೋಟೋ, ಮಕ್ಕಳ ತೊಟ್ಟಿಲ ವಿಡಿಯೋ ಎಲ್ಲವನ್ನೂ ಗುಜರಿಗೆ ಕೊಟ್ಟುಬಿಟ್ಟಿದ್ದಾರೆ.

ಪೊಳಲಿಯಲ್ಲಿ ಚೆಂಡು ಮುಗಿದು ಪತ್ತನಾಜೆ ಬರುವವರೆಗಿನ ದಿನಗಳು ಸಿಡಿಲಿನವು. ಬೆಳಗ್ಗಿನಿಂದ ಸೆಕೆ, ಸಂಜೆ ಘಟ್ಟದ ಕಡೆಯಿಂದ ಕಪ್ಪು ಮೋಡ. ಅಂಥ ಒಂದು ಸಂಜೆ ನಮ್ಮ ಮನೆಗೂ ಸಿಡಿಲು ಬಂತು, ಕರೆಂಟಿನ ತಂತಿಯಲ್ಲಲ್ಲ, ಇಂಟರ್ನೆಟ್ಟಿನ ವೈರಿನಲ್ಲಿ. ಕಂಪ್ಯೂಟರಿನ ಸ್ವಿಚ್ಚು ಆಫೇ ಇತ್ತು. ಮರುದಿನ ಹಾಕಿದರೆ ಮಾತೇ ಇಲ್ಲ.

ಪೇಟೆಯ ಅಂಗಡಿಯವರು ಪೆಟ್ಟಿಗೆ ಬಿಚ್ಚಲೂ ಇಲ್ಲ. “ಅಕ್ಕ, ಸಿಪಿಯು ಹೋಗಿದೆ. ಹೊಸತು ತಗೊಳ್ಳಿ, ಇದಕ್ಕೆ 1,000 ರೂಪಾಯಿ ಕಡಿಮೆ ಮಾಡ್ತೇನೆ” ಅಂದರು.

“ಒಳಗೆ ಇದ್ದದ್ದು?”

“ಅದೆಲ್ಲ ಇನ್ನು ಸಿಕ್ಕುವುದಿಲ್ಲ.”

ಒಳಗೆ ಇದ್ದದ್ದು ನಮ್ಮ ಅತ್ತೆಯ ಸ್ವರ. ನೇಜಿ ನೆಡುವಾಗ ಹೇಳುತ್ತಿದ್ದ ಪಾಡ್ದನಗಳು, ಓಬೇಲೆ. ಗದ್ದೆ ತೋಟವಾದ ಮೇಲೆ ಅವರ ಹಾಡಿಗೆ ಜಾಗವೇ ಇರಲಿಲ್ಲ. ಮಗ ಕಾಲೇಜಿನ ರಜೆಯಲ್ಲಿ ಅಜ್ಜಿಯನ್ನು ಚಾವಡಿಯಲ್ಲಿ ಕೂರಿಸಿ, ಮೈಕ್ ಸಿಕ್ಕಿಸಿ 23 ಸಲ ರೆಕಾರ್ಡ್ ಮಾಡಿದ್ದ. ಓದು ಬರಹ ತಿಳಿಯದ ಅತ್ತೆಗೆ ಎಲ್ಲವೂ ಬಾಯಿಪಾಠ. ಅವರು ತೀರಿಹೋಗಿ ಆಗ ಎರಡು ವರ್ಷ. ಪೆಟ್ಟಿಗೆಯನ್ನು ಹಾಗೇ ರಿಕ್ಷಾದಲ್ಲಿ ಮನೆಗೆ ವಾಪಸು ತಂದೆ.

ಪಾಲಿಟೆಕ್ನಿಕ್ ಮುಗಿಸಿದ ತಂಗಿಯ ಮಗ ಆ ಭಾನುವಾರ ಬಂದ. “ದೊಡ್ಡಮ್ಮ, ಸ್ಕ್ರೂ ಡ್ರೈವರ್ ಉಂಟಾ?” ಅಂತ ಕೇಳಿ ಚಾವಡಿಯಲ್ಲೇ ಬಿಚ್ಚಿದ. ನೋಡುತ್ತಾ ಕೂತ ನನಗೆ ಅಡುಗೆಮನೆಗಿಂತ ಕಷ್ಟದ್ದು ಅಲ್ಲೇನೂ ಕಾಣಲಿಲ್ಲ.

ಮೊದಲು ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಒಳಗಿನವರಿಗೆ ಬಡಿಸುವ ತಗಡಿನ ಡಬ್ಬಿ. ಅದರ ದೊಡ್ಡ ಪ್ಲಗ್ಗಿನ ಹಸುರು ವೈರನ್ನೂ ಕಪ್ಪು ವೈರನ್ನೂ ಒಂದು ತಂತಿಯಿಂದ ಸೇರಿಸಿದ, ಫ್ಯಾನು ತಿರುಗಿತು. “ಇದು ಬದುಕಿದೆ.” (ಇದನ್ನು ಗೊತ್ತಿದ್ದವರು ಮಾತ್ರ ಮಾಡಬೇಕು. ಆ ಡಬ್ಬಿಯನ್ನಂತೂ ಬಿಚ್ಚಲೇಬಾರದು, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ.)

ಆಮೇಲೆ ರ‍್ಯಾಮ್. ಬಾಚಣಿಗೆಯಷ್ಟು ಉದ್ದದ ಹಸುರು ಪಟ್ಟಿ, ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳು. ನಮ್ಮ ತೇವದ ಹವೆಗೆ ಆ ಹಲ್ಲು ಮಂಕಾದರೆ ಸಾಕು, ಸ್ಕ್ರೀನ್ ಕಪ್ಪಾಗುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರಕ್ಕೆ ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಕಂಪ್ಯೂಟರುಗಳು ಎದ್ದು ಕೂರುತ್ತವಂತೆ. ನಮ್ಮದು ಏಳಲಿಲ್ಲ.

ಕೊನೆಗೆ ಮದರ್‌ಬೋರ್ಡ್, ಉಳಿದ ಎಲ್ಲರೂ ಬಂದು ಕೂರುವ ದೊಡ್ಡ ಹಲಗೆ. ಇಂಟರ್ನೆಟ್ ವೈರು ಸಿಕ್ಕಿಸುವ ಕಿಂಡಿಯ ಪಕ್ಕದ ಚಿಪ್ಪು ಸುಟ್ಟು ಕರಿ ಹಿಡಿದಿತ್ತು. “ಹೋದದ್ದು ಇದು ದೊಡ್ಡಮ್ಮ. ಅಜ್ಜಿ ಇರುವುದು ಇದರಲ್ಲಿ ಅಲ್ಲ.”

ಅಷ್ಟು ಕೇಳಿದ್ದೇ ನನಗೆ ಜೀವ ಬಂತು. ರ‍್ಯಾಮೂ ಮೆಮೊರಿ, ಹಾರ್ಡ್ ಡಿಸ್ಕೂ ಮೆಮೊರಿ ಅಂತ ಹೇಳಿ ಹೇಳಿಯೇ ನಮ್ಮಂಥವರ ತಲೆ ಕೆಡಿಸಿದ್ದಾರೆ. ನಾನು ಅರ್ಥಮಾಡಿಕೊಂಡದ್ದು ಹೀಗೆ: ಹಾರ್ಡ್ ಡಿಸ್ಕ್ ಅಂದರೆ ಪತ್ತಾಯ, ವರ್ಷದ ಅಕ್ಕಿ ಇರುವುದು ಅಲ್ಲಿ. ರ‍್ಯಾಮ್ ಅಂದರೆ ಇವತ್ತಿನ ಅಡುಗೆಗೆ ಹರಡಿಕೊಂಡ ತಡ್ಪೆ. ಕರೆಂಟು ಹೋದರೆ ತಡ್ಪೆ ಮಗುಚಿ ಖಾಲಿ. ಪತ್ತಾಯಕ್ಕೆ ಏನೂ ಆಗುವುದಿಲ್ಲ. ಪ್ರೊಸೆಸರ್ ಅಡುಗೆಯವಳು, ಅವಳ ಕೈಗೆ ಎಟುಕುವುದು ತಡ್ಪೆ ಮಾತ್ರ. ತಡ್ಪೆ ದೊಡ್ಡದಿದ್ದರೆ ಕೆಲಸ ಬೇಗ. ಕಂಪ್ಯೂಟರ್ ನಿಧಾನ ಅಂದಾಗ ರ‍್ಯಾಮ್ ಹೆಚ್ಚಿಸಿ ಅನ್ನುವುದು ಅದಕ್ಕೇ.

ಹೀಗೆ ಬಿಚ್ಚಿ ಒಂದೊಂದೇ ಭಾಗ ಬದಲಿಸಬಹುದು ಎಂಬುದಕ್ಕೆ ಕಾರಣ ಹಳೆಯದು. 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿ ತಂದಾಗ ಪ್ರೊಸೆಸರನ್ನು ಇಂಟೆಲ್‌ನಿಂದ, ಡಿಸ್ಕಿಗೆ ಬೇಕಾದ ತಂತ್ರಾಂಶವನ್ನು ಮೈಕ್ರೋಸಾಫ್ಟ್‌ನಿಂದ, ಹೀಗೆ ಸಿಕ್ಕುವ ಸಾಮಾನು ತಂದು ಜೋಡಿಸಿತು. ಒಳಗಿನ ಜೋಡಣೆಯನ್ನೂ ಪುಸ್ತಕ ಮಾಡಿ ಪ್ರಕಟಿಸಿತು. ಇವತ್ತು ಸಣ್ಣ ಪೇಟೆಯ ಅಂಗಡಿಯಲ್ಲೂ ‘ಅಸೆಂಬಲ್ಡ್’ ಸಿಕ್ಕುವುದು ಆ ದಾರಿಯಿಂದಲೇ. ಆ ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಸ್, ಈಗಿನವು ಅದರ ನೂರಾರು ಪಟ್ಟು. ಹೊಸ ಲ್ಯಾಪ್‌ಟಾಪುಗಳಲ್ಲಿ ಮಾತ್ರ ಎಷ್ಟೋ ಕಡೆ ರ‍್ಯಾಮನ್ನೂ ಹಲಗೆಗೇ ಬೆಸುಗೆ ಹಾಕಿರುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ.

ಹಾರ್ಡ್ ಡಿಸ್ಕ್ ಬಿಡಿಸಲು ನಾಲ್ಕು ಸ್ಕ್ರೂ, ಎರಡು ವೈರು. ಒಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 7,200 ಸುತ್ತು ತಿರುಗುತ್ತವೆ. ಓದುವ ಮೊನೆ ತಟ್ಟೆಗೆ ತಾಗದೆ, ಕೂದಲಿನ ಸಾವಿರ ಪಾಲಿಗಿಂತ ಕಡಿಮೆ ಅಂತರದಲ್ಲಿ ತೇಲುತ್ತದೆ. ಬಿದ್ದರೆ ಕಷ್ಟ ಅನ್ನುವುದು ಇದಕ್ಕೆ. ತಂಗಿಯ ಮಗ ಒಂದು ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸಿ ಡಿಸ್ಕಿಗೆ ಕಿವಿ ಕೊಡಲು ಹೇಳಿದ. “ಟಿಕ್ ಟಿಕ್ ಅಂದರೆ ಹೋಯ್ತು ಅಂತ ಲೆಕ್ಕ.” ನಾನು ಕಿವಿ ಇಟ್ಟೆ. ದೂರದಲ್ಲಿ ಪಂಪು ನಡೆದ ಹಾಗೆ ಒಂದೇ ಸಮನೆ ಗುಂಯ್ ಅನ್ನುತ್ತಿತ್ತು.

ಅವನ ಲ್ಯಾಪ್‌ಟಾಪಿನಲ್ಲಿ 23 ಫೈಲುಗಳೂ ಬಂದವು. ಒಂದರಲ್ಲಿ ಅತ್ತೆ ನಡುವೆ ಕೆಮ್ಮಿ, “ಯಾವಾ ಮಗಾ?” ಅಂತ ಕೇಳುತ್ತಾರೆ, ಸಾಕಾ ಅಂತ. ಹಿಂದೆ ನಮ್ಮ ಆಗಿನ ನಾಯಿ ಬೊಗಳುವುದೂ ಉಂಟು.

ಈಗ ಹಾಡುಗಳು ಪೆನ್ ಡ್ರೈವಿನಲ್ಲಿ, ಮಗನ ಹತ್ತಿರ, ತಂಗಿಯ ಮನೆಯಲ್ಲಿ ಒಂದೊಂದು ಪ್ರತಿ ಇವೆ. ಸುಟ್ಟ ಹಲಗೆ ಗುಜರಿಗೆ ಹೋಯ್ತು. ಹಳೆಯ ಡಿಸ್ಕ್ ಕಪಾಟಿನಲ್ಲಿ, ಅತ್ತೆಯ ಸೀರೆಯ ಮಡಿಕೆಯೊಳಗೆ ಇದೆ. ಮೊನ್ನೆ ಬಂದ ತಂಗಿಯ ಮಗ ಮತ್ತೆ ಸಿಕ್ಕಿಸಿ ನೋಡಿದ. ತಿರುಗುತ್ತಾ ಉಂಟು.