ಕಾಶಿಯಲ್ಲಿ ಕೊಂಡ ಸೌದೆ

ಕಾಶಿಯಿಂದ ಬಂದ ಮೇಲೆ ಊರಲ್ಲಿ ಎಲ್ಲರಿಗೂ ಗಂಗಾಜಲ ಹಂಚಿದೆವು, ವಿಶ್ವನಾಥನ ದರ್ಶನ ಹೇಗಾಯ್ತು ಅಂತ ಹೇಳಿದೆವು. ಸೌದೆಯ ಕಥೆ ಮಾತ್ರ ಹೇಳಲಿಲ್ಲ.

ಮನೆಯವರೆಲ್ಲ ಸೇರಿ ಐದು ಮಂದಿ ಹೋಗಿದ್ದೆವು. ಮಣಿಕರ್ಣಿಕಾ ಘಾಟ್‌ನಲ್ಲಿ ಹಗಲೂ ರಾತ್ರಿ ಹೆಣ ಸುಡುತ್ತಾರೆ. ಮೆಟ್ಟಿಲ ಮೇಲೆ ನಿಂತಿದ್ದಾಗ ಒಬ್ಬ ಬಂದು, "ಇಲ್ಲಿ ಫೋಟೊ ತೆಗೀಬೇಡಿ" ಅಂದ. ಸರಿಯಾದ ಮಾತೇ. ಅದಕ್ಕೇ ನಂಬಿದೆವು. "ನಾನು ಗೈಡ್ ಅಲ್ಲ, ನನಗೆ ದುಡ್ಡು ಬೇಡ" ಅಂತ ಹಿಂದಿಯಲ್ಲಿ ಹೇಳುತ್ತಾ ಪಕ್ಕದ ಹಳೇ ಕಟ್ಟಡದ ಮಹಡಿಗೆ ಕರೆದೊಯ್ದ. ಅಲ್ಲೊಬ್ಬ ಮುದುಕಿ ಅಮ್ಮನ ತಲೆ ಮೇಲೆ ಕೈಯಿಟ್ಟು ಹರಸಿದಳು. ಆಮೇಲೆ ಲೆಕ್ಕ ಶುರುವಾಯ್ತು. ಬಡವರ ಚಿತೆಗೆ ಸೌದೆ ದಾನ ಮಾಡಬೇಕು, ಕೆ.ಜಿ.ಗೆ 400 ರೂಪಾಯಿ, ಒಂದು ಹೆಣಕ್ಕೆ 200 ಕೆ.ಜಿ. ಬೇಕು, ನೀವೆಷ್ಟು ಕೊಡ್ತೀರಿ?

ನೂರು ರೂಪಾಯಿ ಕೊಡಲು ಹೋದರೆ, "ಸತ್ತವರ ಮುಂದೆ ಚೌಕಾಸಿನಾ?" ಅಂದ. ಬಾಗಿಲಲ್ಲಿ ಇನ್ನಿಬ್ಬರು ಬಂದು ನಿಂತರು. ಅಮ್ಮ ಸೆರಗಿನ ಗಂಟು ಬಿಚ್ಚಿ 2,000 ಕೊಟ್ಟರು. ಐದು ಕೆ.ಜಿ. ಸೌದೆಗೆ! ರಸೀದಿಯೂ ಇಲ್ಲ.

ಬೇರೆಯವರು ಮೋಸ ಹೋದ ಸುದ್ದಿ ಎಷ್ಟೋ ಸಲ ಬರೆದು ಕಳಿಸಿದ್ದೇವೆ. ನಮ್ಮದನ್ನು ನಾಚಿಕೆಯಿಂದ ನುಂಗಿಕೊಂಡೆವು. ಮರುವರ್ಷ ಪಕ್ಕದ ಬೀದಿಯ ಅಜ್ಜಿ ಕಾಶಿಗೆ ಹೋಗಿ ಬಂದರು. ಡೇರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡಲ್ಲಿ 4,000 ರೂಪಾಯಿ ಸೌದೆಗೆ ಕೊಟ್ಟೆ ಕಣಪ್ಪ ಅಂತ ಹೆಮ್ಮೆಯಿಂದ ಹೇಳಿದರು. ಅದೇ ಮಹಡಿ, ಅದೇ ಲೆಕ್ಕ. ನಾವು ಮೊದಲೇ ಬಾಯಿ ಬಿಟ್ಟಿದ್ದರೆ ಆ ದುಡ್ಡು ಉಳೀತಿತ್ತು. ಅಜ್ಜಿಗೆ ನಿಜ ಹೇಳಲು ಇವತ್ತಿಗೂ ಬಾಯಿ ಬಂದಿಲ್ಲ. ಇನ್ನು ಹೋಗುವವರಿಗಾದರೂ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇವೆ.

ಘಾಟ್ ನೋಡಲು ಟಿಕೆಟ್ ಇಲ್ಲ, ಯಾರ ಅಪ್ಪಣೆಯೂ ಬೇಡ. ಮೆಟ್ಟಿಲ ಮೇಲಿಂದಲೇ ಕೈಮುಗಿಯಿರಿ. ಯಾರು ಕರೆದರೂ ಮಹಡಿ ಹತ್ತಬೇಡಿ. ದೋಣಿಗೆ ಕಾಲಿಡುವ ಮೊದಲೇ ಹೇಳಿದ ದರ ಒಬ್ಬರಿಗೋ, ಇಡೀ ದೋಣಿಗೋ ಕೇಳಿಕೊಳ್ಳಿ. ದಾನ ಕೊಡಬೇಕು ಅನಿಸಿದರೆ ದೇವಸ್ಥಾನದ ಅಥವಾ ಮಠದ ಕೌಂಟರಲ್ಲಿ ಕೊಟ್ಟು ರಸೀದಿ ತಗೊಳ್ಳಿ. ಭಾಷೆ ತೊಡಕಾದರೆ ಜಂಗಮವಾಡಿ ಮಠಕ್ಕೆ ಹೋಗಿ, ಅಲ್ಲಿ ಕನ್ನಡದವರು ಸಿಗುತ್ತಾರೆ. ಯಾರಾದರೂ ಅಡ್ಡಗಟ್ಟಿದರೆ 112ಕ್ಕೆ ಫೋನ್ ಮಾಡಿ.

ಸತ್ತವರ ಹೆಸರು ಹೇಳಿ ಕೇಳಿದಾಗ "ಇಲ್ಲ" ಅಂದರೆ ಪಾಪ ಬರುತ್ತೆ ಅಂತ ನಾವು ಹೆದರಿದ್ದೆವು. ನೀವು ಹೆದರಬೇಡಿ. ಒಂದು ವೇಳೆ ದುಡ್ಡು ಹೋದರೂ, ಊರಿಗೆ ಬಂದ ದಿನವೇ ನಾಲ್ಕು ಜನಕ್ಕೆ ಹೇಳಿಬಿಡಿ.