ಫೈಲಿಲ್ಲದೆ ಬೆಂಗಳೂರಿಗೆ

ಮಕ್ಕಳ ಹುಟ್ಟುಹಬ್ಬ ಮನೆಯಲ್ಲಿ ಎಲ್ಲರಿಗೂ ನೆನಪಿರುತ್ತದೆ. ಹಿರಿಯರ ತಿಥಿಯೂ ನೆನಪಿರುತ್ತದೆ. ಅಪ್ಪ ಅಮ್ಮ ಹಸೆಮಣೆ ಏರಿದ ದಿನ ಮಾತ್ರ ಲಗ್ನಪತ್ರಿಕೆಯ ಜೊತೆ ಟ್ರಂಕಿನ ತಳ ಸೇರಿಬಿಟ್ಟಿರುತ್ತದೆ.

ತಿಪಟೂರು ಕಡೆಯ ಒಂದು ಮನೆಯಲ್ಲಿಯೂ ಹಾಗೆಯೇ ಆಗಿತ್ತು. ಸ್ವಲ್ಪ ತೆಂಗಿನ ತೋಟ, ಜೊತೆಗೊಂದು ಚಿಕ್ಕ ಅಂಗಡಿ. ಮಗಳು ಬೆಂಗಳೂರಿನಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಮಗ ಊರಿನಲ್ಲೇ ಎರಡನೇ ಪಿಯುಸಿ. ರಜೆಗೆ ಬಂದ ಮಗಳು ಟ್ರಂಕು ಸರಿಮಾಡುವಾಗ ಹಳದಿಗಟ್ಟಿದ ಲಗ್ನಪತ್ರಿಕೆ ಸಿಕ್ಕಿತು. ಲೆಕ್ಕ ಹಾಕಿ ನೋಡಿದರೆ ಬರುವ ತಿಂಗಳಿಗೆ ಇಪ್ಪತ್ತೈದು ವರ್ಷ. ಬೆಳ್ಳಿಹಬ್ಬ!

'ಇಬ್ಬರೂ ಎಲ್ಲಿಗಾದರೂ ಹೋಗಿ ಬನ್ನಿ' ಎಂದಳು ಮಗಳು. 'ತೋಟಕ್ಕೆ ನೀರು ಬಿಡೋರು ಯಾರು?' ಎಂದರು ಅಪ್ಪ. ಅಮ್ಮ ಧರ್ಮಸ್ಥಳದ ಹೆಸರು ಹೇಳಿದರು. ಕೊನೆಗೆ ಮಗಳು ಬೆಂಗಳೂರು ಎಂದಾಗ ಅಪ್ಪನಿಗೆ ನಗು ಬಂತು. 'ಅದೇನು ನಾವು ನೋಡದ ಊರೇ?'

ನೋಡಿದ್ದರು, ನಿಜ. ಅಜ್ಜಿಯ ಕಣ್ಣಿನ ಆಪರೇಷನ್ನಿಗೆಂದು ಒಮ್ಮೆ ಇಬ್ಬರೂ ಹೋಗಿದ್ದರು. ಸಿಇಟಿ ದಾಖಲೆ ಪರಿಶೀಲನೆಗೆ, ಆಮೇಲೆ ಮಗಳನ್ನು ಪಿ.ಜಿ.ಗೆ ಸೇರಿಸುವುದಕ್ಕೆ ಅಪ್ಪ ಹೋಗಿ ಬಂದಿದ್ದರು. ಪ್ರತಿ ಸಲವೂ ಅವರ ಕೈಯಲ್ಲಿ ಒಂದು ಫೈಲು. ಕೆಲಸ ಮುಗಿದ ಕೂಡಲೇ ಸಿಕ್ಕ ಬಸ್ಸು ಹತ್ತಿ ವಾಪಸು. ಜಿಲ್ಲೆಗಳ ಎಷ್ಟೋ ತಂದೆತಾಯಿಗಳಿಗೆ ರಾಜಧಾನಿ ಗೊತ್ತಿರುವುದು ಹೀಗೆಯೇ: ಒಂದು ಆಸ್ಪತ್ರೆ, ಒಂದು ಕಚೇರಿ, ಒಂದು ಸಾಲು, ಮತ್ತೆ ಮೆಜೆಸ್ಟಿಕ್ಕು. ಕೈಯಲ್ಲಿ ಫೈಲಿಲ್ಲದೆ ಅವರು ಆ ಊರಿಗೆ ಹೋದವರೇ ಅಲ್ಲ.

ಹರಿದುಹೋದ ಮೊದಲ ಪಟ್ಟಿ

ಮಗಳು ಉತ್ಸಾಹದಿಂದ ಒಂದು ಪಟ್ಟಿ ಮಾಡಿದಳು. ಎರಡು ದಿನ, ಹದಿನಾಲ್ಕು ಜಾಗ. ಎರಡು ಮಾಲು, ಒಂದು ದೊಡ್ಡ ಹೋಟೆಲಿನಲ್ಲಿ ಊಟ, ಇಂದಿರಾನಗರದ ನೂರಡಿ ರಸ್ತೆಯ ಬದಿ ವಸತಿ. ಅಪ್ಪ ಫೋನಿನಲ್ಲಿ ಕೊಠಡಿಯ ಬಾಡಿಗೆ ನೋಡಿ, ಏನೂ ಮಾತಾಡದೆ ಫೋನು ವಾಪಸು ಕೊಟ್ಟರು. ಆಮೇಲೆ ಮೆಲ್ಲಗೆ, 'ಇದು ನಿನ್ನ ತಮ್ಮನ ಒಂದು ಕಂತಿನ ಫೀಸು ಕಣಮ್ಮ' ಎಂದರು.

ಮಾತು ಅಲ್ಲಿಗೇ ನಿಂತುಬಿಡಬಹುದಿತ್ತು. ಆ ತಿಂಗಳು ಅವರ ಒಂದು ವಿಮಾ ಪಾಲಿಸಿಯ ಅವಧಿ ಮುಗಿದು ಹಣ ಬರುವುದಿತ್ತು. ಆದರೆ ಅದು ಮಗನ ಮುಂದಿನ ಓದಿಗೆ ಎಂದು ಎಂದೋ ತೀರ್ಮಾನವಾಗಿತ್ತು. ಅದನ್ನು ಮುಟ್ಟಬೇಕಾದ ಪ್ರವಾಸ ಅಪ್ಪನಿಗೆ ಬೇಡ. ತಾನು ಮನೆಪಾಠ ಹೇಳಿ ಕೂಡಿಟ್ಟ ಹಣವಿದೆ ಎಂದು ಮಗಳು ಹೇಳಿದರೂ ಅವರು ಒಪ್ಪಲಿಲ್ಲ.

ಗಂಟು ಬಿಚ್ಚಿದ್ದು ಅಮ್ಮ. 'ಆ ಮಾಲು ಗೀಲು ನನಗೆ ಬೇಡ. ನೀನು ಇರೋ ಬೀದಿ ಹೇಗಿದೆ? ಸಂಜೆ ಕ್ಲಾಸು ಬಿಟ್ಟು ನೀನು ನಡೆದುಕೊಂಡು ಬರೋ ರಸ್ತೆ ಯಾವುದು? ಅದನ್ನ ತೋರಿಸು.' ಮೂರು ವರ್ಷದಿಂದ ಆಕೆ ದಿನವೂ ಫೋನಿನಲ್ಲಿ 'ರೂಮು ಸೇರಿದೆಯಾ?' ಎಂದು ಕೇಳುತ್ತಿದ್ದರು. ಸೇರುವ ಜಾಗ ಯಾವುದೆಂದು ಕಂಡಿರಲಿಲ್ಲ.

ಹದಿನಾಲ್ಕು ಜಾಗದ ಪಟ್ಟಿ ಹರಿದು ಹೋಯಿತು. ಪ್ರವಾಸದ ನಡುಮನೆ ಜೀವನ್ ಬಿಮಾ ನಗರ ಎಂದಾಯಿತು. ಹತ್ತಿರದಲ್ಲೇ ಒಂದು ಸಾದಾ ವಸತಿಗೃಹ ಸಿಕ್ಕಿತು. ಒಂದು ರಾತ್ರಿಯ ಬಾಡಿಗೆ ಮಗಳ ಮನೆಪಾಠದ ಹಣದಲ್ಲೇ ಮುಗಿಯುವಷ್ಟು. ಈ ಬಾರಿ ಅಪ್ಪನಿಗೆ ಬೇಡ ಎನ್ನಲು ಕಾರಣ ಸಿಗಲಿಲ್ಲ.

ಕಂತು ಕಟ್ಟಿದವರ ಹೆಸರಿನ ಬಡಾವಣೆ

ಬೆಂಗಳೂರಿನ ಪೂರ್ವಭಾಗದ ಈ ಬಡಾವಣೆಯನ್ನು ಅಲ್ಲಿನವರು ಕರೆಯುವುದು ಜೆ.ಬಿ. ನಗರ ಎಂದು. ಇಂದಿರಾನಗರ, ದೊಮ್ಮಲೂರು, ಕೋಡಿಹಳ್ಳಿ, ತಿಪ್ಪಸಂದ್ರ ಇದರ ನೆರೆಹೊರೆ. 'ಬಿಮಾ' ಎಂದರೆ ವಿಮೆ. 1956ರ ಸೆಪ್ಟೆಂಬರ್ 1ರಂದು 245 ವಿಮಾ ಸಂಸ್ಥೆಗಳು ರಾಷ್ಟ್ರೀಕರಣಗೊಂಡು ಒಂದಾಗಿ ಭಾರತೀಯ ಜೀವ ವಿಮಾ ನಿಗಮ ಹುಟ್ಟಿತು. ಆ ನಿಗಮದ ವಸತಿ ಬಡಾವಣೆಯೇ ಈ ಊರಿಗೆ ಹೆಸರು ಕೊಟ್ಟದ್ದು.

ಈ ಕಥೆ ಕೇಳಿದ ಅಪ್ಪ ತಮ್ಮ ಪಾಲಿಸಿಯ ಹಳೆಯ ರಸೀದಿಗಳನ್ನು ತೆಗೆದು ನೋಡಿದರಂತೆ. ದೀಪವನ್ನು ಎರಡು ಕೈಗಳು ಕಾಯುವ ಆ ಗುರುತು ಯಾವ ಮನೆಗೆ ಹೊಸದು? ಕೊಬ್ಬರಿಯ ಧಾರಣೆ ಇಳಿದ ವರ್ಷವೂ ಅವರು ಕಂತು ತಪ್ಪಿಸಿರಲಿಲ್ಲ. ಸಂಬಳದಲ್ಲೋ ಫಸಲಿನಲ್ಲೋ ಉಳಿಸಿ ಕಂತು ಕಟ್ಟುವ ಕೋಟ್ಯಂತರ ಜನರ ಸಂಸ್ಥೆಯ ಹೆಸರಿನ ಊರಿನಲ್ಲಿ ಮಗಳು ಇದ್ದಾಳೆ ಎಂಬುದು ಅವರಿಗೆ ಒಂದು ರೀತಿಯ ಸಮಾಧಾನ ಕೊಟ್ಟಿತು.

ಪ್ರವಾಸಿಗರ ಪಟ್ಟಿಗಳಲ್ಲಿ ಜೆ.ಬಿ. ನಗರ ಸಿಗುವುದಿಲ್ಲ. ಮರಗಳ ನೆರಳಿರುವ ಅಡ್ಡರಸ್ತೆಗಳು, ಮಹಡಿಯಾಗಿ ಬೆಳೆದ ಹಳೆಯ ಮನೆಗಳು, ತರಕಾರಿ ಗಾಡಿ, ಇಸ್ತ್ರಿ ಅಂಗಡಿ, ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ಕ್ರೇಟುಗಳು. ಪಕ್ಕದ ಹೊಸ ತಿಪ್ಪಸಂದ್ರದ ಪೇಟೆಬೀದಿಯಲ್ಲಿ ಸ್ಟೀಲು ಪಾತ್ರೆಯಿಂದ ಹಿಡಿದು ಸೀರೆಯ ಫಾಲಿನವರೆಗೆ ಎಲ್ಲವೂ ಉಂಟು. ಮಗಳು ಓದುವ ಊರು ಹೇಗಿದೆ ಎಂದು ತಿಳಿಯಬೇಕಾದ ತಾಯಿಗೆ ಇಂಥ ಬೀದಿಗಿಂತ ಒಳ್ಳೆಯ ಪ್ರೇಕ್ಷಣೀಯ ಸ್ಥಳ ಯಾವುದಿದೆ?

ಅಪ್ಪ ಹೇಳದೆ ಉಳಿಸಿದ್ದು

ಪಟ್ಟಿ ಎರಡನೆಯ ಸಲ ಬರೆಯುವಾಗ ಅಮ್ಮ ಮಗಳನ್ನು ಅಡಿಗೆಮನೆಗೆ ಕರೆದು ಇನ್ನೊಂದು ಮಾತು ಹೇಳಿದರು. ಮದುವೆಗೆ ಮುಂಚೆ ಅಪ್ಪ ಐ.ಟಿ.ಐ.ನಲ್ಲಿ ಫಿಟ್ಟರ್ ಓದಿದ್ದರು. ವಿಮಾನ ಕಾರ್ಖಾನೆಯ ಅಪ್ರೆಂಟಿಸ್ ಸಂದರ್ಶನಕ್ಕೆ ಕರೆ ಬಂದಿತ್ತು. ಅದೇ ವಾರ ತಾತ ಹಾಸಿಗೆ ಹಿಡಿದರು, ತೋಟ ನೋಡುವವರಿರಲಿಲ್ಲ. ಕರೆಪತ್ರ ಹಾಗೆಯೇ ಉಳಿಯಿತು. ಇಪ್ಪತ್ತೈದು ವರ್ಷದಲ್ಲಿ ಅವರು ಅದರ ಮಾತೆತ್ತಿದ್ದು ಒಂದೇ ಸಲ, ಮಗಳಿಗೆ ಬೆಂಗಳೂರಿನಲ್ಲಿ ಸೀಟು ಸಿಕ್ಕ ರಾತ್ರಿ.

ಆ ಕಾರ್ಖಾನೆ ಇರುವುದು ಜೆ.ಬಿ. ನಗರದ ನೆರೆಯಲ್ಲೇ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. 1964ರಲ್ಲಿ ಅದು ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ಎಚ್‌ಎಎಲ್ ಆಯಿತು. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಮಾರ್ಗದರ್ಶನದ 'ಮಾರುತ' ಯುದ್ಧವಿಮಾನ 1961ರ ಜೂನ್ 17ರಂದು, 'ತೇಜಸ್' 2001ರ ಜನವರಿ 4ರಂದು ಇಲ್ಲಿಂದಲೇ ಮೊದಲು ನೆಲಬಿಟ್ಟವು. 2008ರ ಮೇನಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದರೂ ಇಲ್ಲಿನ ರನ್‌ವೇ ಸುಮ್ಮನಾಗಿಲ್ಲ. ಜೆ.ಬಿ. ನಗರದ ತಾರಸಿಯಲ್ಲಿ ಬಟ್ಟೆ ಒಣಗಿಸುವವರು ಈಗಲೂ ಆಗಾಗ ತಲೆಯೆತ್ತಿ ನೋಡುತ್ತಾರೆ.

ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ, ಜೆ.ಬಿ. ನಗರದಿಂದ ಮೂರ್ನಾಲ್ಕು ಕಿಲೋಮೀಟರ್ ದೂರದಲ್ಲಿ, 2001ರಲ್ಲಿ ಆರಂಭವಾದ ಎಚ್‌ಎಎಲ್ ಪಾರಂಪರಿಕ ವಸ್ತುಸಂಗ್ರಹಾಲಯವಿದೆ. ನಿಜವಾದ ವಿಮಾನಗಳು, ಎಂಜಿನ್ನುಗಳು, ದಶಕಗಳ ಚಿತ್ರಗಳು. ವಿಜ್ಞಾನ ಓದುವ ಮಕ್ಕಳು ಅಗತ್ಯವಾಗಿ ನೋಡಬೇಕಾದ ಜಾಗ. ಮಗಳು ಮೂರು ವರ್ಷ ಅದರ ಮುಂದೆ ಬಸ್ಸಿನಲ್ಲಿ ಹೋಗಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ. ಹೊಸ ಪಟ್ಟಿಯ ಮೊದಲ ಸಾಲಿನಲ್ಲಿ ಅದನ್ನೇ ಬರೆದಳು. ಯಾಕೆಂದು ಅಪ್ಪನಿಗೆ ಹೇಳಲಿಲ್ಲ.

ಎರಡು ದಿನ, ನಾಲ್ಕು ಜಾಗ

ಮದುವೆಯ ತಾರೀಖು ವಾರದ ನಡುವೆ ಬಿದ್ದಿತ್ತು. ಅದರ ಮುಂದಿನ ಶನಿವಾರ, ಭಾನುವಾರ ಎಂದು ನಿಗದಿಯಾಯಿತು. ಸೋಮವಾರ ಬೇಡ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ, ನೆಹರೂ ತಾರಾಲಯ ಅಂದು ಮುಚ್ಚಿರುತ್ತವೆ. ಮಳೆ ಬಂದರೆ ಒಳಗೆ ಕೂರುವ ಒಂದು ಜಾಗ ಕೈಯಲ್ಲಿರಲಿ ಎಂದು ಮಗಳು ತಾರಾಲಯದ ಪ್ರದರ್ಶನದ ವೇಳೆಯನ್ನೂ ಗುರುತು ಹಾಕಿಕೊಂಡಳು.

ಹೋಗುವಾಗ ರೈಲು, ಬರುವಾಗ ಬಸ್ಸು. ಬಸ್ಸಿನ ಲೆಕ್ಕ ಅಮ್ಮನದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ವಿಳಾಸವಿರುವ ಗುರುತಿನ ಚೀಟಿ ಮರೆಯಬಾರದು. 'ನಿಮ್ಮದೊಂದೇ ಟಿಕೆಟ್ ದುಡ್ಡು' ಎಂದು ಅಮ್ಮ ಅಪ್ಪನನ್ನು ಛೇಡಿಸಿದರು.

ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಇಳಿದರೆ ಪಕ್ಕದಲ್ಲೇ ಮೆಟ್ರೊ. ನೇರಳೆ ಮಾರ್ಗದಲ್ಲಿ ಕೂತರೆ ಎಲ್ಲಿಯೂ ಗಾಡಿ ಬದಲಿಸದೆ ಇಂದಿರಾನಗರ. ಬೆಂಗಳೂರಿನ ಮೊದಲ ಮೆಟ್ರೊ ರೈಲು 2011ರ ಅಕ್ಟೋಬರ್ 20ರಂದು ಓಡಿದ್ದು ಈ ಭಾಗದಲ್ಲೇ, ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ. ಕಬ್ಬನ್ ಪಾರ್ಕಿನವರೆಗೆ ನೆಲದಡಿಯಲ್ಲಿ ಬರುವ ಗಾಡಿ ಎಂ.ಜಿ. ರಸ್ತೆಯಲ್ಲಿ ಮೇಲೆದ್ದು ಮರಗಳ ತಲೆಯ ಸಮಕ್ಕೆ ಓಡುತ್ತದೆ. ಚಲಿಸುವ ಮೆಟ್ಟಿಲಿಗೆ ಹೆದರುವ ಹಿರಿಯರಿಗೆ ಲಿಫ್ಟ್ ಇದೆ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುವುದರಿಂದ ವೇಳೆ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಊಟ ತಿಂಡಿಗೆ ಮಗಳು ಮೊದಲು ಆರಿಸಿದ್ದು ಒಂದು ದರ್ಶಿನಿ. ಅಲ್ಲಿ ನಿಂತೇ ತಿನ್ನಬೇಕು. ಅಮ್ಮನ ಮಂಡಿನೋವು ನೆನಪಾಗಿ, ಕುರ್ಚಿ ಇರುವ ಹೋಟೆಲು ಹುಡುಕಿದಳು. ಹಿರಿಯರಿಗೆಂದು ಪ್ರವಾಸ ಯೋಜಿಸುವ ಮಕ್ಕಳು ಕಲಿಯಬೇಕಾದ ಪಾಠ ಇಂಥ ಸಣ್ಣ ವಿಷಯಗಳಲ್ಲೇ ಇರುತ್ತದೆ: ಕೂರಲು ಜಾಗ, ಶೌಚಾಲಯ, ಮಧ್ಯಾಹ್ನ ಒಂದು ಗಂಟೆ ಅಡ್ಡಾಗುವುದು, ಮಾತ್ರೆಯ ಹೊತ್ತು. ಒಂದು ದಿನಕ್ಕೆ ಎರಡೇ ಜಾಗ. ಶನಿವಾರ ವಿಮಾನಗಳು ಮತ್ತು ತಿಪ್ಪಸಂದ್ರದ ಪೇಟೆ. ಭಾನುವಾರ ಹಲಸೂರು ಮತ್ತು ಕಬ್ಬನ್ ಪಾರ್ಕ್.

ಹಲಸೂರನ್ನು ಸೇರಿಸಿದ್ದು ಸೋಮೇಶ್ವರ ದೇವಾಲಯಕ್ಕಾಗಿ. 1809ರಲ್ಲಿ ಬ್ರಿಟಿಷರು ದಂಡು ಪ್ರದೇಶ ಕಟ್ಟುವ ಎಷ್ಟೋ ಮುಂಚೆ ಇದ್ದ ಊರಿದು; ದಂಡು ಮತ್ತು ಪೇಟೆ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ವಿಜಯನಗರ ಕಾಲದ ಶೈಲಿಯ ಈ ಗುಡಿಯ ಶಿಲ್ಪಗಳಲ್ಲಿ ಕೈಲಾಸ ಎತ್ತುವ ರಾವಣನಿದ್ದಾನೆ, ಗಿರಿಜಾ ಕಲ್ಯಾಣದ ದೃಶ್ಯವೂ ಇದೆ. ಬೆಳ್ಳಿಹಬ್ಬದ ದಂಪತಿ ನಿಂತು ನೋಡಲು ಇದಕ್ಕಿಂತ ತಕ್ಕ ಮದುವೆ ಚಿತ್ರ ಬೇರೆ ಬೇಕೇ?

ಖಾಲಿ ಬಿಟ್ಟ ಹೊತ್ತು

ಹೊಸ ಪಟ್ಟಿಯನ್ನು ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಭಾನುವಾರ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ 'ಕಬ್ಬನ್ ಪಾರ್ಕ್' ಎಂದಷ್ಟೇ ಇತ್ತು.

'ಇಲ್ಲಿ ನೀನು ಏನು ತೋರಿಸ್ತೀಯ?'

'ನಾನು ಅಲ್ಲಿ ಇರೋದಿಲ್ಲ ಅಪ್ಪ. ಅಲ್ಲೇ ಪಾರ್ಕಿನ ಒಳಗೆ ಕೆಂಪು ಬಣ್ಣದ ಗ್ರಂಥಾಲಯ ಇದೆ, ಅದರ ಹತ್ತಿರ ಕಾದಿರ್ತೀನಿ. ಆ ಹೊತ್ತು ನಿಮ್ಮಿಬ್ಬರದು.'

ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. 'ಎರಡು ಗಂಟೆ ನಾವಿಬ್ಬರೇ ಏನು ಮಾಡೋದು?' ಎಂದು ಅಮ್ಮ ಕೇಳಿದ್ದು ತಮಾಷೆಗಲ್ಲ. ಮಕ್ಕಳ ಪರೀಕ್ಷೆ, ಫೀಸು, ಜ್ವರ, ತೋಟದ ನೀರು ಬಿಟ್ಟು ಬೇರೆ ಮಾತಾಡಿ ಅವರಿಗೆ ಬಹಳ ವರ್ಷವಾಗಿತ್ತು.

ಪ್ರವಾಸ ಯೋಜನೆಯಂತೆಯೇ ನಡೆಯಿತು. ವಸ್ತುಸಂಗ್ರಹಾಲಯದಲ್ಲಿ ಅಪ್ಪ ಎಂಜಿನ್ನುಗಳ ಎದುರು ನಿಂತವರು ಅಲ್ಲಾಡಲಿಲ್ಲ. ಒಂದೊಂದು ಭಾಗದ ಹೆಸರು ಹೇಳಿ ಮಗಳಿಗೆ ವಿವರಿಸಿದರು. ತೋಟ ಮತ್ತು ಅಂಗಡಿ ಬಿಟ್ಟು ಅಪ್ಪನಿಗೆ ಬೇರೇನೂ ಗೊತ್ತಿಲ್ಲ ಎಂದುಕೊಂಡಿದ್ದ ಮಗಳು ಸುಮ್ಮನೆ ಕೇಳಿಸಿಕೊಂಡಳು. ಹೊರಗೆ ಬಂದ ಮೇಲೆ ಅವರು, 'ಇದನ್ನ ನೋಡಿಕೊಂಡು ಹೋಗೋಣ ಅಂತ ನಿಮ್ಮಮ್ಮ ಹೇಳಿದಳಾ?' ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ.

ಅಂದು ಸಂಜೆ ಅಮ್ಮ ಬಸ್ ನಿಲ್ದಾಣದಿಂದ ಪಿ.ಜಿ.ಯ ಬಾಗಿಲವರೆಗೆ ಮಗಳ ಜೊತೆ ನಡೆದರು. ಯಾವ ತಿರುವಿನಲ್ಲಿ ದೀಪ ಇಲ್ಲ, ಯಾವ ಅಂಗಡಿ ತಡವಾಗಿ ಮುಚ್ಚುತ್ತದೆ ಎಂದು ನೋಡಿಕೊಂಡರು. ಮೂಲೆಯ ಔಷಧಿ ಅಂಗಡಿಯವರಿಗೆ ನಮಸ್ಕಾರ ಹೇಳಿ, 'ಇವಳು ನಮ್ಮ ಹುಡುಗಿ' ಎಂದು ಪರಿಚಯ ಮಾಡಿಕೊಟ್ಟರು. ಮಗಳಿಗೆ ನಾಚಿಕೆಯಾಯಿತು. ಆಮೇಲೆ ಆ ಅಂಗಡಿಯ ಮುಂದೆ ಹೋಗುವಾಗಲೆಲ್ಲ ಅವಳೇ ಮೊದಲು ನಗುತ್ತಾಳೆ.

ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಒಂದು ಗಂಟೆಗೆ ಬರುತ್ತೇವೆಂದವರು ಬಂದದ್ದು ಎರಡಕ್ಕೆ. ಎಲ್ಲಿದ್ದಿರಿ ಎಂದರೆ, 'ಬಿದಿರು ಮೆಳೆ ಹತ್ತಿರ ಒಂದು ಬೆಂಚಿತ್ತು' ಎಂದಷ್ಟೇ ಅಮ್ಮ ಹೇಳಿದರು. ಅವರ ಜಡೆಯಲ್ಲಿ ಬೆಳಿಗ್ಗೆ ಇಲ್ಲದ ಮಲ್ಲಿಗೆ ಇತ್ತು.

ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುವಾಗ ಅಪ್ಪನ ಚೀಲದಲ್ಲಿ ತಿಪ್ಪಸಂದ್ರದಲ್ಲಿ ಕೊಂಡ ಒಂದು ಸ್ಟೀಲಿನ ಡಬ್ಬಿ, ಮಗನಿಗೊಂದು ವಿಮಾನದ ಚಿತ್ರ. ಪಾಲಿಸಿಯ ಹಣ ಮುಟ್ಟಿರಲಿಲ್ಲ. ಕಂಡಕ್ಟರ್ ಅಮ್ಮನ ಕೈಗೆ ಶೂನ್ಯ ಟಿಕೆಟ್ ಕೊಟ್ಟರು. ಅಮ್ಮ ಅದನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡರು. ಈಗ ಅದು ಲಗ್ನಪತ್ರಿಕೆಯ ಜೊತೆ ಟ್ರಂಕಿನಲ್ಲಿದೆ.