ಎರಡು ಊರುಗಳ ನಡುವೆ ರಾಯಾಪುರ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಪ್ರವಾಸಿಗನು ಉಣಕಲ್ ಕೆರೆಯನ್ನು ದಾಟಿ, ಭೈರಿದೇವರಕೊಪ್ಪ, ನವನಗರಗಳನ್ನು ಹಿಂದಿಕ್ಕಿದ ಮೇಲೆ ಸಿಗುವುದು ರಾಯಾಪುರ. ಇಲ್ಲಿ ಕೋಟೆಯಿಲ್ಲ, ಕೊತ್ತಲವಿಲ್ಲ. ಚಾಲುಕ್ಯರ ಶಿಲ್ಪವನ್ನು ಕಾಣುವ ಆಸೆಯಿಂದ ಬಂದವನಿಗೆ ನಿರಾಶೆಯೇ ಗತಿ. ಹೆದ್ದಾರಿಯ ಮಗ್ಗುಲಲ್ಲಿ ಇಸ್ಕಾನ್ ದೇವಾಲಯ, ಅದರ ಆವರಣದಲ್ಲಿಯೇ ಸಾವಿರಾರು ಶಾಲಾಮಕ್ಕಳ ಮಧ್ಯಾಹ್ನದ ಊಟ ಬೇಯುವ ಅಕ್ಷಯಪಾತ್ರೆಯ ದೊಡ್ಡ ಅಡುಗೆಮನೆ, ಸುತ್ತ ಕಪ್ಪುಮಣ್ಣನ್ನು ಮುಚ್ಚಿ ಏಳುತ್ತಿರುವ ಹೊಸ ಬಡಾವಣೆಗಳು. ಮುಂದೆ ಸತ್ತೂರು, ಅದರಾಚೆ ಪೇರಲಹಣ್ಣಿಗೆ ಹೆಸರಾದ ನವಲೂರು, ಆಮೇಲೆ ಧಾರವಾಡ.

1962ರಲ್ಲಿ ಹುಬ್ಬಳ್ಳಿ ಧಾರವಾಡಗಳೆರಡೂ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಸೇರಿದವು. ಕಾಗದದ ಮೇಲೆ ಸೇರಿದರೇನು, ಮನಸ್ಸಿನಲ್ಲಿ ಅವು ಇಂದಿಗೂ ಎರಡೇ. ಒಂದು ವ್ಯಾಪಾರದ ಊರು, ಇನ್ನೊಂದು ವಿದ್ಯೆಯ ಊರು ಎಂದು ಎರಡೂ ಕಡೆಯವರು ತಮ್ಮ ತಮ್ಮ ಹೆಚ್ಚುಗಾರಿಕೆಯನ್ನು ಹೇಳಿಕೊಳ್ಳುವುದುಂಟು. ನಡುವಿನ ರಾಯಾಪುರದವರಿಗೆ ಮಾತ್ರ ಸಂಕಟ.

2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಲಾರಂಭಿಸಿದ ‘ಚಿಗರಿ’ ಬಸ್ಸುಗಳು ಈ ಸಂಕಟವನ್ನು ದಿನಕ್ಕೆ ನೂರು ಸಲ ಹೊತ್ತು ತಿರುಗುತ್ತವೆ. ಹೆದ್ದಾರಿಯ ನಟ್ಟನಡುವೆ ತಮಗೆಂದೇ ಮೀಸಲಾದ ದಾರಿಯಲ್ಲಿ, ಹೆಸರಿಗೆ ತಕ್ಕಂತೆ ಜಿಂಕೆಯ ಹಾಗೆ ಓಡುವ ತಣ್ಣನೆಯ ಗಾಡಿಗಳಿವು. ಒಳಗೆ ಕುಳಿತವರ ಮಾತು ಮಾತ್ರ ಹಳೆಯ ಕೆಂಪು ಬಸ್ಸಿನದೇ.

“ಯಾವೂರ್ರೀ ನಿಮ್ದು?”

“ರಾಯಾಪುರ್ರೀ.”

“ಹಂಗಂದ್ರ ಹುಬ್ಬಳ್ಳಿ ಮಂದೀನೋ, ಧಾರವಾಡದವ್ರೋ?”

ಇದಕ್ಕೆ ನಕ್ಕು ಏನಾದರೊಂದು ಉತ್ತರ ಕೊಡಬಹುದು. ಅದರ ಬೆನ್ನಿಗೇ ಬರುವ ಪ್ರಶ್ನೆ “ಲಗ್ನಾ ಆಗೇತೇನ್ರೀ?” ಎಂಬುದು. ಇಲ್ಲವೆಂದರೆ “ಯಾಕ್ರೀ ಆಗಿಲ್ಲ?” ಎಂಬ ಮೂರನೆಯದು ಸಿದ್ಧವಾಗಿಯೇ ಇರುತ್ತದೆ. ಕೇಳುವವರಲ್ಲಿ ಕುಹಕವೇನೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಇದು ಸುಖದುಃಖ ವಿಚಾರಿಸುವ ಬಗೆ. ಆದರೆ ಈ ಮೂರನೆಯ ಪ್ರಶ್ನೆಗೆ ನಿಜವಾದ ಉತ್ತರವನ್ನು ಬಲ್ಲವನಾಗಿಯೂ ಹೇಳಲಾರದ ತರುಣರು ಎಲ್ಲ ಊರುಗಳಲ್ಲಿಯೂ ಉಂಟು, ಈ ದಾರಿಯಲ್ಲಿಯೂ ಉಂಟು. ಅವರ ಪ್ರೀತಿ ಹೋಗುವುದು ಹೆಣ್ಣಿನ ಕಡೆಗಲ್ಲ. ತಮ್ಮಂತೆಯೇ ಗಂಡಾದವನ ಕಡೆಗೆ.

ಬೆಂಗಳೂರು, ಮುಂಬಯಿಗಳಲ್ಲಿ ಮನುಷ್ಯನು ಜನಜಂಗುಳಿಯಲ್ಲಿ ಕರಗಿಹೋಗಬಲ್ಲನು. ಅವಳಿನಗರದಲ್ಲಿ ಅದು ಸಾಧ್ಯವಿಲ್ಲ. ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ಕಾಲೇಜು ಎಂದಿಟ್ಟುಕೊಂಡರೂ ನಡುವಿನ ಅಂತರ ಸುಮಾರು ಇಪ್ಪತ್ತು ಕಿಲೋಮೀಟರು. ಇಲ್ಲಿ ಒಬ್ಬನಾಗಿ, ಅಲ್ಲಿ ಇನ್ನೊಬ್ಬನಾಗಿ ಬಾಳಲು ಅಷ್ಟು ದೂರ ಸಾಲದು. ಕಾಕಾನ ಸ್ನೇಹಿತರೊಬ್ಬರು ಯಾವ ನಿಲ್ದಾಣದಲ್ಲಾದರೂ ಹತ್ತಿಯೇ ಹತ್ತುತ್ತಾರೆ.

ಧಾರವಾಡದಲ್ಲಿ ಕಲ್ಲು ಒಗೆದರೆ ಅದು ಕವಿಯೊಬ್ಬನ ಮನೆಯ ಮೇಲೆ ಬೀಳುತ್ತದೆಂಬ ಮಾತು ಹಳೆಯದು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1933ರಿಂದ ಪುಸ್ತಕ ಹೊರಡಿಸುತ್ತ ಬಂದ ಮನೋಹರ ಗ್ರಂಥಮಾಲಾ, ಗುಡ್ಡದ ಮೇಲಿನ ವಿಶ್ವವಿದ್ಯಾಲಯ ಎಲ್ಲವೂ ಅಲ್ಲಿವೆ. ಆದರೂ ಇಂಥ ತರುಣನು ತನ್ನನ್ನು ತಾನು ಹೆಸರಿಸಿಕೊಳ್ಳಲು ಒಂದು ಮಾತನ್ನು ಹುಡುಕಿದರೆ ಅವನ ಕೈಗೆ ಸಿಗುತ್ತಿದ್ದುದೇನು? ನಮ್ಮ ನುಡಿಯಲ್ಲಿ ಈ ಸಂಗತಿಗೆ ಬೈಗುಳಗಳು ಹೇರಳ, ಹೆಸರು ವಿರಳ. ವೃತ್ತಪತ್ರಿಕೆಗಳ ‘ಸಲಿಂಗಕಾಮಿ’ ಎಂಬ ಪದದಲ್ಲಿ ಕಾಮವೇ ಮುಂದೆ ನಿಂತು, ಪ್ರೀತಿ, ಒಡನಾಟ, ಮನೆ ಮಾಡಿಕೊಂಡಿರುವ ಬಯಕೆ ಎಲ್ಲವೂ ಹಿಂದೆ ಸರಿದುಬಿಡುತ್ತವೆ. ಗಂಡಹೆಂಡಿರನ್ನು ‘ಭಿನ್ನಲಿಂಗಕಾಮಿ’ಗಳೆಂದು ಕರೆದು ಲಗ್ನಪತ್ರಿಕೆ ಅಚ್ಚು ಹಾಕಿಸಿದವರನ್ನು ಯಾರೂ ಕಂಡಿಲ್ಲವಷ್ಟೆ! ‘ಸಲಿಂಗಪ್ರೇಮಿ’, ‘ಸಲಿಂಗಾನುರಾಗಿ’ ಎಂಬ ಮಾತುಗಳು ಹದವಾಗಿವೆ; ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನ ಮುಂದೆ ಆಡುವಷ್ಟು ಅವು ಸವೆದಿಲ್ಲ. ಇಂದಿನ ತರುಣರು ‘ಗೇ’ ಎಂಬ ಒಂದಕ್ಷರದಿಂದಲೇ ಕೆಲಸ ಸಾಗಿಸುತ್ತಾರೆ.

ಈ ಮೌನವನ್ನು ಕನ್ನಡದಲ್ಲಿ ಗಟ್ಟಿಯಾಗಿ ಮುರಿದವರು ವಸುಧೇಂದ್ರ. 1969ರಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಹುಟ್ಟಿ, ಸುರತ್ಕಲ್ಲು, ಬೆಂಗಳೂರುಗಳಲ್ಲಿ ಇಂಜಿನಿಯರಿಂಗ್ ಓದಿ, ಸುಮಾರು ಎರಡು ದಶಕ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದವರು. ‘ಛಂದ ಪುಸ್ತಕ’ ಎಂಬ ಪ್ರಕಾಶನವನ್ನು ಕಟ್ಟಿ ಹೊಸ ಬರಹಗಾರರನ್ನು ಬೆಳಕಿಗೆ ತಂದವರು. ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಎಂಬ ಪ್ರಬಂಧಗಳ ಪುಸ್ತಕದಿಂದ ಅವರು ಮಧ್ಯಮವರ್ಗದ ಮನೆಮನೆಗೂ ಪರಿಚಿತರಾದರು. ತಾಯಂದಿರು ಓದಿ ಮಕ್ಕಳ ಕೈಗೆ ಕೊಟ್ಟ ಪುಸ್ತಕವದು. ಹೀಗೆ ಮನೆಯ ಮಗನಂತೆ ಒಳಗೆ ಬಂದು ಕುಳಿತ ಲೇಖಕರೇ 2013ರಲ್ಲಿ ‘ಮೋಹನಸ್ವಾಮಿ’ ಎಂಬ ಕಥಾಸಂಕಲನವನ್ನು ಓದುಗರ ಮುಂದಿಟ್ಟರು. ಕಥಾನಾಯಕ ಮೋಹನಸ್ವಾಮಿ ಸಲಿಂಗಪ್ರೇಮಿ. ತಾವೂ ಹಾಗೆಯೇ ಎಂಬುದನ್ನು ವಸುಧೇಂದ್ರರು ಮರೆಮಾಚಲಿಲ್ಲ.

ಅವರೂ ಒಮ್ಮೆಗೇ ಆ ಧೈರ್ಯಕ್ಕೆ ಬಂದವರಲ್ಲ. ಮೋಹನಸ್ವಾಮಿಯ ಮೊದಲ ಕಥೆ ಪತ್ರಿಕೆಯಲ್ಲಿ ಅಚ್ಚಾದುದು ಬೇರೊಂದು ಹೆಸರಿನಲ್ಲಿ. ಕಥೆಯೆಂಬ ತೆರೆ, ಅದರ ಮೇಲೆ ಕಳ್ಳಹೆಸರಿನ ಇನ್ನೊಂದು ತೆರೆ. ಮೊದಲು ಹೆಸರಿನ ತೆರೆ ಸರಿಯಿತು. ಅಲ್ಲಿಂದ ಮುಂದೆ ಕಥೆಯ ತೆರೆಯೂ ತೆಳುವಾಗುತ್ತ ಬಂತು. ಆತ್ಮವಿಶ್ವಾಸವು ಮೊದಲು ಬಂದು ಆಮೇಲೆ ಮಾತು ಬರುತ್ತದೆಂದು ನಾವು ತಿಳಿಯುತ್ತೇವೆ. ಇಲ್ಲಿ ನಡೆದುದು ಅದಕ್ಕೆ ತಿರುಗುಮುರುಗು: ನಡುಗುವ ಕೈಯಿಂದಲೇ ಬರಹ ಹುಟ್ಟಿತು, ಬರೆದುದರಿಂದ ನಡುಕ ನಿಂತಿತು. ಸೈಕಲ್ಲು ತುಳಿಯಲು ಬಾರದೆ ಗಂಡಸುತನದ ಪರೀಕ್ಷೆಯಲ್ಲಿ ಸೋತು ಅವಮಾನ ನುಂಗುವ ಹುಡುಗನ ಕಥೆ ಆ ಸಂಕಲನದಲ್ಲಿದೆ. ಕಿಲಿಮಂಜಾರೋ ಪರ್ವತವನ್ನೇರುವ ಕಥೆಯೂ ಇದೆ. 2016ರಲ್ಲಿ ಅದು ಇಂಗ್ಲಿಷಿಗೂ ಹೋಯಿತು. ಪುಸ್ತಕ ಹೊರಬಂದ ಮೇಲೆ ನಾಡಿನ ಸಣ್ಣ ಸಣ್ಣ ಊರುಗಳಿಂದ, ಮನೆಯವರ ಮದುವೆಯ ಒತ್ತಾಯಕ್ಕೆ ಸಿಕ್ಕಿ ಕಂಗೆಟ್ಟ ತರುಣರು ತಮ್ಮನ್ನು ಸಂಪರ್ಕಿಸತೊಡಗಿದರೆಂದು ವಸುಧೇಂದ್ರರು ಹೇಳಿಕೊಂಡಿದ್ದಾರೆ.

ಕಾನೂನಿನ ಕಥೆ ಬೇರೆಯೇ ಗತಿಯಲ್ಲಿ ನಡೆಯಿತು. ರಾಯಾಪುರದ ನೆರೆಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾದುದು 2009ರಲ್ಲಿ. ಅದೇ ವರ್ಷದ ಜುಲೈ 2ರಂದು ದಿಲ್ಲಿಯ ಉಚ್ಚ ನ್ಯಾಯಾಲಯವು, ವಯಸ್ಕರು ಪರಸ್ಪರ ಒಪ್ಪಿ ಏಕಾಂತದಲ್ಲಿ ನಡೆಸುವ ಸಲಿಂಗ ಸಂಬಂಧಕ್ಕೆ ದಂಡಸಂಹಿತೆಯ 377ನೆಯ ಕಲಮು ಅನ್ವಯಿಸದೆಂದು ತೀರ್ಪಿತ್ತಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಗೊಳಿಸಿತು. ಎಂದರೆ ‘ಮೋಹನಸ್ವಾಮಿ’ ಹೊರಬಂದ ವರ್ಷವೇ ಅದರ ನಾಯಕನು ಮತ್ತೆ ಅಪರಾಧಿಯಾದನು! ಲೇಖಕರು ಪುಸ್ತಕವನ್ನು ಹಿಂತೆಗೆದುಕೊಳ್ಳಲಿಲ್ಲ. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠವು ಆ ಕಳಂಕವನ್ನು ಅಳಿಸಿತು; ಅದಾದ ಕೆಲವೇ ವಾರಗಳಲ್ಲಿ ರಾಯಾಪುರದ ಮುಂದೆ ಚಿಗರಿ ಓಡಿತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ನ್ಯಾಯಸಂಹಿತೆಯಲ್ಲಿ ಆ ಕಲಮೇ ಇಲ್ಲ. ವಿವಾಹದ ಮಾತು ಮಾತ್ರ ನಿಂತಲ್ಲಿಯೇ ನಿಂತಿತು: 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪದೆ, ಅದು ಶಾಸನಸಭೆಯ ಕೆಲಸವೆಂದಿತು.

ಧಾರವಾಡದಿಂದ ಒಂದೆರಡು ಗಂಟೆಯ ಹಾದಿಯಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡವಿದೆ. ಭರತ ಹುಣ್ಣಿಮೆಯ ಕಾಲಕ್ಕೆ ಅಲ್ಲಿಗೆ ಹೊರಟ ಭಕ್ತರಲ್ಲಿ ಸೀರೆಯುಟ್ಟು, ಭಂಡಾರ ಹಚ್ಚಿಕೊಂಡು, ಚೌಡಿಕೆಯ ನಾದಕ್ಕೆ ಕೊಡ ಹೊತ್ತು ಕುಣಿಯುವ ಜೋಗಪ್ಪಂದಿರನ್ನು ಕಾಣಬಹುದು. ಗಂಡಾಗಿ ಹುಟ್ಟಿ ಹೆಣ್ಣೆಂದು ಬಾಳುವ ಇವರೂ, ಗಂಡಾಗಿಯೇ ಉಳಿದು ಗಂಡನ್ನು ಪ್ರೀತಿಸುವವರೂ ಒಂದೇ ಎಂದು ತಿಳಿಯುವವರು ಬಹಳ, ಅದು ಸರಿಯಲ್ಲ. ಆದರೂ ಇಬ್ಬರೂ ಕೇಳಿಸಿಕೊಂಡ ಬೈಗುಳಗಳು ಬಹುತೇಕ ಒಂದೇ. ದೇವಿಯ ಹೆಸರಿನಲ್ಲಿ ಜೋಗಪ್ಪನಿಗೆ ಊರು ಒಂದು ಸ್ಥಾನವನ್ನು ಕೊಟ್ಟಿತು, ಆದರೆ ಮನೆಯ ಹೊರಗೆ. ಮಂಜಮ್ಮ ಜೋಗತಿಯವರು ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯವನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಗಳ ಮುಂದೆ ನಿಂತು ಸೀರೆಯ ಸೆರಗಿನಿಂದ ಅವರ ದೃಷ್ಟಿ ತೆಗೆದ ಆ ಗಳಿಗೆಯನ್ನು ದೇಶವೆಲ್ಲ ನೋಡಿ ಬೆರಗಾಯಿತು. ಅಂಜಿದವರು ಹಾಗೆ ನಿಲ್ಲಲಾರರು.

ರಾಯಾಪುರದ ಹೊಸ ಬಡಾವಣೆಯ ತರುಣನಿಗೆ ಈ ದಾರಿಯೂ ಇಲ್ಲ. ಅವನಿಗೆ ಗುಡ್ಡವೂ ಬೇಡ, ಪದ್ಮಶ್ರೀಯೂ ಬೇಡ. ತನ್ನ ಮನೆಯಲ್ಲಿಯೇ ತನ್ನ ತಾಟಿನ ಮುಂದೆ ಕುಳಿತು ಉಣ್ಣಬೇಕು. ಇಲ್ಲಿಯೇ ನಿಜವಾದ ಕಷ್ಟ. ಕನ್ಯೆ ನೋಡಲು ಹೊರಟ ತಂದೆತಾಯಿಗಳ ಮುಂದೆ ಸುಮ್ಮನಿದ್ದುಬಿಟ್ಟರೆ ಹಾಳಾಗುವ ಬಾಳು ಅವನೊಬ್ಬನದಲ್ಲ. ಅಕ್ಷತೆ ಬಿದ್ದ ಮೇಲೆ ತನ್ನಲ್ಲಿ ಏನು ಕೊರತೆಯೆಂದು ತಿಳಿಯದೆ ಕನ್ನಡಿಯ ಮುಂದೆ ನಿಂತು ಅಳುವ ಹುಡುಗಿಯೂ ಯಾರದೋ ಮನೆಯ ಮಗಳೇ. ಲಗ್ನವಾದರೆ ಎಲ್ಲವೂ ಸರಿಹೋಗುತ್ತದೆಂಬ ಹಿರಿಯರ ಔಷಧ ಎಷ್ಟು ಮನೆಗಳಲ್ಲಿ ವಿಷವಾಗಿದೆಯೋ! ಇದು ರೋಗವೇ ಅಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ತನ್ನ ರೋಗಗಳ ಪಟ್ಟಿಯಿಂದ ತೆಗೆದುಹಾಕಿದೆ.

ಹೇಳಿಕೊಂಡ ಕೂಡಲೇ ಎಲ್ಲ ಮನೆಗಳೂ ಒಪ್ಪಿಬಿಡುವುದಿಲ್ಲ. ಕೆಲವೆಡೆ ವರ್ಷಗಟ್ಟಲೆ ಮಾತು ನಿಲ್ಲುತ್ತದೆ. ಕೆಲವೆಡೆ ತಂದೆ ಮುಖ ತಿರುಗಿಸಿದರೂ ಅವ್ವ ಎಂದಿನಂತೆ ರೊಟ್ಟಿ ಬಡಿದು ಬಡಿಸುತ್ತಾಳೆ. ಹೇಳಿಕೊಂಡವನ ನಡೆಯಲ್ಲಿ ಮಾತ್ರ ಒಂದು ವ್ಯತ್ಯಾಸ ಕಾಣುತ್ತದೆ. ಮುಚ್ಚಿಡುವ ಕೆಲಸಕ್ಕೆ ದಿನವಿಡೀ ತೆರುತ್ತಿದ್ದ ಶಕ್ತಿ ಉಳಿದು, ಹಾಡಿಗೋ, ಓದಿಗೋ, ಉದ್ಯೋಗಕ್ಕೋ ಒದಗುತ್ತದೆ.

ವಸುಧೇಂದ್ರರ ಬರವಣಿಗೆಯೇ ಇದಕ್ಕೆ ಸಾಕ್ಷಿ. ‘ಮೋಹನಸ್ವಾಮಿ’ಯ ಬಳಿಕ ಅವರು ಅದೊಂದೇ ವಸ್ತುವಿಗೆ ಅಂಟಿಕೊಂಡು ಕೂರಲಿಲ್ಲ. 2019ರಲ್ಲಿ ಬಂದ ‘ತೇಜೋ ತುಂಗಭದ್ರಾ’ ಕಾದಂಬರಿಯಲ್ಲಿ ಲಿಸ್ಬನ್ನಿನ ತೇಜೋ ನದಿಯೂ ವಿಜಯನಗರದ ಸೀಮೆಯ ತುಂಗಭದ್ರೆಯೂ ಹರಿಯುತ್ತವೆ. ಹಡಗುಗಳು, ಮೆಣಸಿನ ವ್ಯಾಪಾರ, ಮತಾಂತರ, ಯುದ್ಧ ಎಲ್ಲವೂ ಬರುತ್ತವೆ. ಧಾರವಾಡದ ಪುಸ್ತಕದಂಗಡಿಗೆ ಹೋದವರು ಇವೆರಡನ್ನೂ ಕೇಳಿ ನೋಡಬಹುದು. ಯಾವುದನ್ನು ಮೊದಲು ಮನೆಗೆ ಒಯ್ಯಬೇಕೆಂಬುದು ಕೊಳ್ಳುವವರಿಗೆ ಬಿಟ್ಟದ್ದು.